ವಯಸ್ಸು ಕೇಳುವ ಮನೆ

ನಮ್ಮ ಮನೆಗೆ ಯಾವ ಹುಡುಗ ಬಂದರೂ ನೀರು ಕೊಡುವ ಮೊದಲು ವಯಸ್ಸು ಕೇಳುತ್ತಿದ್ದೆವು. ಬಂದವರನ್ನು ಹಾಗೆ ಕೇಳಬಾರದು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಗಂಡನ ಸೋದರಮಾವನನ್ನು ಬಾಗಿಲಲ್ಲೇ ನಿಲ್ಲಿಸಿ ವಯಸ್ಸೆಷ್ಟು ಎಂದು ಕೇಳಿ ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡೆ. ಈಗಲೂ ಹೊಸಬರನ್ನು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಮಣಿಕಟ್ಟಿಗೆ. ಹಾಲಿಗೆ ನೀರು ಬಿದ್ದಿದೆಯೇ ಎಂದು ಬೆರಳದ್ದಿ ನೋಡುತ್ತೇನೆ, ಬಸ್ಸಿನ ಟಿಕೆಟ್ಟನ್ನು ಎರಡು ಸಲ ಓದುತ್ತೇನೆ, ಯಾರಾದರೂ ಹೊಗಳಿದರೆ ಇವರಿಗೇನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಇದು ಹುಟ್ಟುಗುಣವಲ್ಲ. ಹೊಸಪೇಟೆಯಲ್ಲಿ ಕಾಲುವೆಯ ಪಕ್ಕದ ಓಣಿಯೊಳಗೆ, ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದಿದ್ದ ಮೂರು ಕೋಣೆಗಳಲ್ಲಿ ನನಗೆ ಕಲಿಸಿದ ವಿದ್ಯೆ. ಮೊದಲ ಕೋಣೆ ಪಡಸಾಲೆ. ಅಲ್ಲಿ ಮನುಷ್ಯರು ಕೂರುವ ಜಾಗಕ್ಕಿಂತ ಪ್ಯಾಡು, ಗ್ಲೌಸು, ಸ್ಟಂಪುಗಳ ಜಾಗವೇ ಹೆಚ್ಚು. ಗೋಡೆಗೆ ಒರಗಿಸಿದ್ದ, ಪಿಚ್ಚಿಗೆ ಹಾಸುವ ನಾರಿನ ಮ್ಯಾಟಿನ ಸುರುಳಿಗೆ ಬೆನ್ನು ತಾಗಿಸಿಕೊಂಡೇ ನಾನು ಮಗ್ಗಿ ಕಲಿತೆ. ಬ್ಯಾಟುಗಳಿಗೆ ಹಚ್ಚುವ ಅಗಸೆ ಎಣ್ಣೆಯ ವಾಸನೆ ರೊಟ್ಟಿಗೂ ಹತ್ತುತ್ತಿತ್ತು. ಅದು ಅದಿರಿನ ಕಾಲ. ಸಂಡೂರಿನ ಕಡೆಯಿಂದ ಹಗಲೂ ರಾತ್ರಿ ಲಾರಿಗಳು ಬರುತ್ತಿದ್ದವು, ಕೆಂಪು ಧೂಳು ನೀರಿನ ಕೊಡದ ಮೇಲೂ ಅಮ್ಮನ ಸಿಟ್ಟಿನ ಮೇಲೂ ಕೂರುತ್ತಿತ್ತು. ಬಿಳಿ ಪ್ಯಾಂಟು ನಿಜವಾಗಿ ಬಿಳಿ ಇರುವುದನ್ನು ನಾನು ಅಂಗಡಿಯಲ್ಲಿ ಮಾತ್ರ ನೋಡಿದ್ದೆ.

ಅಪ್ಪ ಎಡಗೈ ಸ್ಪಿನ್ನರ್. ಜಿಲ್ಲೆಗೆ ಆಡಿದ, ವಲಯಕ್ಕೆ ಆಡಿದ, ಮ್ಯಾಟಿನ ಮೇಲೆ ಅವನ ಚೆಂಡು ಹಾವಿನ ಹಾಗೆ ತಿರುಗುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಅಲ್ಲಿಂದ ಮುಂದೆ ರಾಜ್ಯದ ಕಿರಿಯರ ತಂಡದ ಬಾಗಿಲಿಗೆ ಹೋಗಿ ವಾಪಸು ಬಂದ. ತನ್ನ ಜಾಗಕ್ಕೆ ಹೋದವನು ವಯಸ್ಸು ಕಡಿಮೆ ಎಂದು ಸುಳ್ಳು ಬರೆಸಿದ್ದ ಎಂಬುದು ಅವನ ಜೀವನದ ಒಂದೇ ದುಃಖ. ಆ ದುಃಖವನ್ನು ಅವನು ಉಪ್ಪಿನಕಾಯಿ ಹಾಕಿ ಇಟ್ಟುಕೊಂಡಿದ್ದ, ದಿನಾ ಊಟಕ್ಕೆ ಸ್ವಲ್ಪ ಬಡಿಸಿಕೊಳ್ಳುತ್ತಿದ್ದ. ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅದಿರು ಲಾರಿಗಳ ತೂಕದ ಕಟ್ಟೆಯಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಮೈದಾನದಲ್ಲಿ ಹುಡುಗರಿಗೆ ಕೋಚಿಂಗ್ ಕ್ಯಾಂಪು. ಎರಡೂ ಕೆಲಸದಲ್ಲಿ ಅವನ ವಿದ್ಯೆ ಒಂದೇ. ನನ್ನನ್ನು ಒಂದು ದಿನ ಕಟ್ಟೆಗೆ ಕರೆದುಕೊಂಡು ಹೋಗಿ ತೋರಿಸಿದ್ದ:

"ಲಾರಿ ನೋಡಬ್ಯಾಡವ್ವಾ, ಭಾರಕ್ಕ ಟೈರ್ ಎಷ್ಟು ಕುಂತೈತಿ ನೋಡು. ಡ್ರೈವರ್ ಸುಳ್ಳು ಹೇಳ್ತಾನ, ಚೀಟಿ ಸುಳ್ಳು ಹೇಳ್ತೈತಿ. ಟೈರ್ ಹೇಳಂಗಿಲ್ಲ. ಹುಡುಗರೂ ಹಂಗ. ಮುಖ ಏನ್ ನೋಡ್ತಿ, ತೊಳಕೊಂಡು ಬಂದಿರ್ತಾರ. ಮಣಿಕಟ್ಟಿನ ದಪ್ಪ ನೋಡು, ಕುತ್ತಿಗಿ ಗಂಟು ನೋಡು."

ಆ ವರ್ಷಗಳಲ್ಲಿ ಲಾರಿ ಮಾಡಿದವರೆಲ್ಲ ಸಾಹುಕಾರರಾದರು, ಸಾಹುಕಾರರ ಮಕ್ಕಳೆಲ್ಲ ಕ್ರಿಕೆಟಿಗರಾದರು. ಪ್ಲಾಸ್ಟಿಕ್ ಇನ್ನೂ ಬಿಚ್ಚದ ಕಿಟ್ ಬ್ಯಾಗು, ಹಿಂದೆ ಎತ್ತಿಕೊಂಡು ಬರಲು ಒಬ್ಬ ಆಳು. ಸಂಡೂರಿನ ಕಡೆಯ ಒಬ್ಬ ಲಾರಿ ಮಾಲೀಕ ಮಗನನ್ನು ಕರೆದುಕೊಂಡು ಬಂದು ಜನನ ಪತ್ರವನ್ನು ಅಪ್ಪನ ಮುಂದಿಟ್ಟ. ಅಪ್ಪ ಅದನ್ನು ಓದಲೇ ಇಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ ವಾಪಸು ಕೊಟ್ಟ.

"ಹುಡುಗ ಹುಟ್ಟಿ ಹದಿಮೂರು ವರ್ಷ ಅಂತೀರಿ. ಕಾಗದ ಹುಟ್ಟಿ ಹದಿಮೂರು ದಿನಾನೂ ಆಗಿಲ್ಲಲ್ರಿ."

ಆ ಮನುಷ್ಯ ಕೊರಳಿನ ಸರ ಸರಿಮಾಡಿಕೊಳ್ಳುತ್ತ ಎದ್ದುಹೋದ. ನಾನು ಹೆಮ್ಮೆಯಿಂದ ಉಬ್ಬಿಹೋದೆ. ಅಡುಗೆಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಮಾತ್ರ "ತಾನು ಕಳ್ಳ, ಪರರ ನಂಬ" ಎಂದು ಗೊಣಗಿದಳು. ಅವಳು ಲಾರಿ ಮಾಲೀಕನನ್ನೇ ಬೈಯುತ್ತಿದ್ದಾಳೆ ಎಂದುಕೊಂಡೆ.

ಕಾಗದಕ್ಕಿಂತ ಅಪ್ಪ ನಂಬುತ್ತಿದ್ದದ್ದು ಅವನ ತಾಯಿಯನ್ನು, ನಮ್ಮ ಅಜ್ಜಿಯನ್ನು. ಕೂಲಿ ಮಾಡುವವರ ಮಕ್ಕಳಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದನೇ ತಾರೀಖು ಬರೆದುಬಿಡುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ನನ್ನನ್ನೂ ಸೇರಿಸಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಅದಕ್ಕೆ ಅಪ್ಪ ಹೊಸ ಹುಡುಗನ ತಾಯಿಯನ್ನು ಕರೆಸುತ್ತಿದ್ದ. ಅಜ್ಜಿ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಅವಳ ಎದುರಿಗೆ ಕುಳಿತು ಹೆರಿಗೆಯ ಸುದ್ದಿ ತೆಗೆಯುತ್ತಿದ್ದಳು. ಆಗ ಗದ್ದೆಯಲ್ಲಿ ನಾಟಿ ನಡೆದಿತ್ತೋ ಕೊಯ್ಲೋ, ಡ್ಯಾಮಿನ ಗೇಟು ತೆಗೆದಿದ್ದರೋ ಇಲ್ಲವೋ, ತೊಟ್ಟಿಲು ಕಟ್ಟಿದ ದಿನ ಯಾವ ಹಬ್ಬ ಹತ್ತಿರವಿತ್ತು. ಹೆತ್ತವಳು ತಾರೀಖು ಮರೆಯಬಹುದು, ಹೆತ್ತ ದಿನದ ಮಳೆಯನ್ನೂ ಬಿಸಿಲನ್ನೂ ಮರೆಯುವುದಿಲ್ಲ. ಕಾಲು ಗಂಟೆಯಲ್ಲಿ ಅಜ್ಜಿ ಹುಡುಗನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಿದ್ದಳು. ನನ್ನ ಕೆಲಸ ಬರೆಯುವುದು. ಉದ್ದನೆಯ ಪುಸ್ತಕದಲ್ಲಿ ಹೆಸರು, ಊರು, ಹುಟ್ಟಿದ ದಿನ, ಕೊನೆಗೆ 'ಸಂಶಯ' ಎಂಬ ಒಂದು ಕಾಲಂ. ಅಲ್ಲಿ 'ಇದೆ' ಎಂದು ಬಿದ್ದರೆ ಆ ಹುಡುಗ ನೆಟ್ಸಿನಲ್ಲಿ ಚೆಂಡು ಹೆಕ್ಕಬಹುದು, ತಂಡಕ್ಕೆ ಸೇರುವಂತಿಲ್ಲ. ಹಾಲಿನವನ ಅಳತೆ, ಕಿರಾಣಿಯ ತಕ್ಕಡಿ, ಅಂಪೈರನ ಬೆರಳು, ಅಪ್ಪ ಎಲ್ಲವನ್ನೂ ಪರೀಕ್ಷಿಸುತ್ತಿದ್ದ. ನಾನು ಬರೆದದ್ದನ್ನು ಮಾತ್ರ ತಿರುಗಿ ನೋಡುತ್ತಿರಲಿಲ್ಲ. ನನಗೆ ಮನೆಯಲ್ಲಿದ್ದ ಮರ್ಯಾದೆ ಅಷ್ಟೇ, ಆದರೆ ಅದು ಯಾರಿಗೂ ಇಲ್ಲದ ಮರ್ಯಾದೆ.

ನನ್ನ ಅಣ್ಣ ಪ್ರಕಾಶ ಬ್ಯಾಟ್ಸ್‌ಮನ್. ಊಟಕ್ಕೆ ಕೂತಾಗ ಅವನ ರೊಟ್ಟಿಯ ಮೇಲೆ ಎರಡು ಚಮಚ ತುಪ್ಪ, ನನ್ನದರ ಮೇಲೆ ಚಮಚ ಜಾಡಿಸಿದಾಗ ಬಿದ್ದಷ್ಟು. ನಾನು ಜಗಳ ತೆಗೆದರೆ "ಅವನು ಆಡೋ ಹುಡುಗ" ಎಂದು ಅಮ್ಮನ ತೀರ್ಪು. ಅವನೇನೂ ಕೆಟ್ಟವನಲ್ಲ, ತಟ್ಟೆಯ ಕೆಳಗಿನಿಂದ ನನ್ನ ಕಡೆ ಒಂದು ತುಂಡು ತಳ್ಳುತ್ತಿದ್ದ. ನನಗೆ ಅರ್ಥವಾಗದಿದ್ದದ್ದು ಅವನ ಹುಟ್ಟುಹಬ್ಬ. ಸಂಕ್ರಾಂತಿ ಕಳೆದ ನಾಲ್ಕನೇ ದಿನ ಅಮ್ಮ ದೊಡ್ಡ ಪಾತ್ರೆಯಲ್ಲಿ ಕೇಸರಿಬಾತು ಮಾಡುತ್ತಿದ್ದಳು. ಅಪ್ಪ ಓಣಿಯವರನ್ನೂ ಕ್ಯಾಂಪಿನ ಹುಡುಗರನ್ನೂ ಕರೆದು ಕೂರಿಸಿ ತಿನ್ನಿಸುತ್ತಿದ್ದ. ಹರಿದ ಪ್ಯಾಡಿಗೆ ತಾನೇ ದಬ್ಬಣ ಹಿಡಿದು ಹೊಲಿಯುವ ಮನುಷ್ಯನಿಗೆ ಆ ಒಂದು ದಿನ ಇಷ್ಟು ಔದಾರ್ಯ ಎಲ್ಲಿಂದ ಬಂತು? ಸಂಶಯ ಬಂದಿತ್ತು. ಆದರೆ ಕೇಸರಿಬಾತಿನ ಮುಂದೆ ಸಂಶಯ ಬಹಳ ಹೊತ್ತು ನಿಲ್ಲುವುದಿಲ್ಲ. ನನಗೆ ಹುಟ್ಟುಹಬ್ಬ ಇರಲಿಲ್ಲ. ಜೂನ್ ಒಂದು ಶಾಲೆ ಶುರುವಾಗುವ ದಿನ, ಅವತ್ತು ಯಾರು ಏನು ಮಾಡುತ್ತಾರೆ?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹದಿನಾಲ್ಕು ವರ್ಷದೊಳಗಿನ ವಲಯ ತಂಡಕ್ಕೆ ಆಯ್ಕೆ ನಡೆಸಲು ಹೊರಗಿನಿಂದ ಆಯ್ಕೆದಾರರು ಬರುತ್ತಾರೆಂದು ಸುದ್ದಿ ಬಂತು. ನಮ್ಮ ಕ್ಯಾಂಪಿನಿಂದ ಒಬ್ಬನಿಗೆ ಜಾಗ ಸಿಕ್ಕರೆ ಹೆಚ್ಚು. ಲೆಕ್ಕಕ್ಕಿದ್ದವರು ಇಬ್ಬರೇ. ಒಬ್ಬ ಪ್ರಕಾಶ, ಇನ್ನೊಬ್ಬ ಕಂಪ್ಲಿಯ ಈರ. ಈರ ವಾರಕ್ಕೆರಡು ದಿನ ಬಸ್ಸಿನಲ್ಲಿ ಬರುತ್ತಿದ್ದ, ಬರಿಗಾಲಲ್ಲಿ ಓಡಿಬಂದು ಚೆಂಡು ಎಸೆಯುತ್ತಿದ್ದ. ಅವನ ಚೆಂಡಿಗೆ ಪ್ರಕಾಶ ಬ್ಯಾಟು ತೋರಿಸುವುದರೊಳಗೆ ಸ್ಟಂಪು ಉರುಳಿರುತ್ತಿತ್ತು. ಅವನಿಗೆ ಮೇಲ್ದುಟಿಯ ಮೇಲೆ ಕಪ್ಪಗೆ ಮೀಸೆಯ ಗೆರೆ ಮೂಡಿತ್ತು. ಅಪ್ಪನಿಗೆ ಅಷ್ಟು ಸಾಕು.

ಈರನ ತಾಯಿ ದೇವಮ್ಮ ನಾಟಿಯ ಕೆಲಸ ಬಿಟ್ಟು ಬಂದಳು. ಕಾಲಿನ ಉಗುರಿನಲ್ಲಿ ಗದ್ದೆಯ ಕೆಸರು ಹಾಗೇ ಇತ್ತು. ಅಪ್ಪ ಬಾಗಿಲ ಹತ್ತಿರ ಕೂತು ಶೂಗಳ ಮೊಳೆ ಬಿಗಿ ಮಾಡುತ್ತಿದ್ದ. ನಾನು ಪುಸ್ತಕ ಬಿಚ್ಚಿಕೊಂಡು ಕೂತೆ. ಅಜ್ಜಿ ಎಂದಿನಂತೆ ಶುರುಮಾಡಿದಳು.

"ಕುಂದ್ರಬೇ. ಈ ನಿನ ಮಗ ಹುಟ್ಟಿದಾಗ ಹೊಳಿ ಹೆಂಗಿತ್ತು?"

"ಒಣಗಿತ್ತು ನೋಡ್ರಿ. ಯುಗಾದಿ ಇನ್ನಾ ಎಂಟು ದಿನ ಐತಿ ಅನ್ನಾಗ ಹುಟ್ಟಿದ."

"ಯಾವ ಯುಗಾದಿ?"

"ಕಂಪ್ಲಿ ಸೇತುವಿ ಮ್ಯಾಲೆ ನೀರು ಬಂದು ವಾರಗಟ್ಲೆ ಬಸ್ ನಿಂತಿತ್ತಲ್ರಿ, ಆ ಮಳಿಗಾಲದಾಗ ನಂದು ಇನ್ನಾ ಲಗ್ನ ಆಗಿದ್ದಿಲ್ಲ. ಮುಂದಿನ ಬ್ಯಾಸಿಗಿಗೆ ಲಗ್ನ ಆತು. ಅದರ ಮುಂದಿನ ಯುಗಾದಿಗೆ ಇವ ತೊಟ್ಟಿಲದಾಗ."

ಅಜ್ಜಿ ಬೆರಳು ಮಡಚಿ ಎಣಿಸಿ ತಲೆಯಾಡಿಸಿದಳು. ಲೆಕ್ಕ ಸರಿಯಾಗಿತ್ತು. ಈರನಿಗೆ ಹದಿನಾಲ್ಕು ತುಂಬಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೆರಿಗೆಯ ಸುದ್ದಿ ಬಂದರೆ ಅಜ್ಜಿಗೆ ತನ್ನ ಕೈಗುಣ ಹೇಳಿಕೊಳ್ಳದೆ ಇರಲಾಗುತ್ತಿರಲಿಲ್ಲ.

"ಖರೆ ಹೇಳಿದಿ. ಆ ಸೇತುವಿ ನಾ ಮರೀತೀನೇನು? ಸೊಸಿ ತೌರು ಹೊಳಿ ಆಚಿಗೆ. ಚೊಚ್ಚಲ ಬಾಣಂತನಕ್ಕ ಕಳಸಾಕಂತ ಗಂಟು ಕಟ್ಟಿ ಕುಂತೀವಿ, ಸೇತುವಿನ ಮುಣಿಗಿಬಿಡ್ತು. ನಮ್ಮ ಪ್ರಕಾಶ ಇಲ್ಲೇ, ಈ ಮನಿಯಾಗ, ನನ್ನ ಕೈಯಾಗ ಹುಟ್ಟಿದ."

ದೇವಮ್ಮನೂ ಸೆರಗಿನ ಮರೆಯಲ್ಲಿ ಬೆರಳು ಮಡಚುತ್ತಿದ್ದಳು.

"ಹಂಗಾದ್ರ ನಿಮ್ಮ ಮೊಮ್ಮಗ ನನ ಮಗನಗಿಂತ ಒಂದೂವರಿ ವರ್ಷ ದೊಡ್ಡಾವ ಆದ್ನಲ್ರಿ, ಅಮ್ಮಾರ. ಇಬ್ರೂ ಒಂದ ಟೀಮಿಗೆ ಹೆಂಗ ಆಡ್ತಾರ್ರಿ?"

ಅಪ್ಪನ ಕೈಯಲ್ಲಿದ್ದ ಶೂ ಕೆಳಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಅವನು ಮೊದಲು ನೋಡಿದ್ದು ಬಾಗಿಲಾಚೆ ಯಾರಾದರೂ ಕೇಳಿಸಿಕೊಂಡರೇ ಎಂದು. ಆಮೇಲೆ ಹೇಳಿದ:

"ಅವ್ವಗ ವಯಸ್ಸಾತು. ಅರಳು ಮರಳು. ಯಾವ ವರ್ಷದ್ದು ಯಾವುದಕ್ಕೋ ಹಚ್ಚಿ ಮಾತಾಡ್ತಾಳ. ಬಾಯಿಮಾತು ನಡಿಯಂಗಿಲ್ಲಮ್ಮ. ಕಾಗದ ಇದ್ರ ತಗೊಂಡು ಬಾ."

"ನಮ್ಮಂತೋರ ಮಕ್ಕಳಿಗೆ ಕಾಗದ ಇರಂಗಿಲ್ಲ ಅಂತನ ಕೇಳಾಕ ಕರಸಿದ್ರೆಲ್ರಿ ನೀವು?"

ಅಪ್ಪ ನನಗೆ "ಬರಿ" ಎಂದ. ಈರನ ಹೆಸರಿನ ಮುಂದೆ, ಸಂಶಯದ ಕಾಲಮ್ಮಿನಲ್ಲಿ 'ಇದೆ' ಎಂದು ಬರೆದೆ. ದೇವಮ್ಮ ಚಹಾ ಮುಟ್ಟದೆ ಎದ್ದುಹೋದಳು. ಅಜ್ಜಿ ಅಡಿಕೆಯ ಚೀಲದ ದಾರ ಎಳೆದು ಕಟ್ಟಿ ನಡುಮನೆಗೆ ಹೋದಳು. ಆಮೇಲೆ ಎಷ್ಟು ಜನ ತಾಯಂದಿರು ಬಂದರೂ ಅವಳು ಪಡಸಾಲೆಗೆ ಬಂದು ಕೂರಲಿಲ್ಲ. ಇಷ್ಟು ವರ್ಷ ಊರ ಮಕ್ಕಳನ್ನೆಲ್ಲ ತೂಗಿದ ತಕ್ಕಡಿಯನ್ನು ಅಪ್ಪ ಒಂದೇ ಮಾತಿನಲ್ಲಿ ಸುಳ್ಳು ಮಾಡಿದ್ದ. ನನಗೆ ಅಜ್ಜಿಯ ಮೇಲೆ ಕರುಣೆ ಬಂತು, ಅದಕ್ಕಿಂತ ಹೆಚ್ಚಾಗಿ ಅವಳು ಹೇಳಿದ್ದು ನಿಜ ಎಂದು ಗೊತ್ತಾಯಿತು. ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತು ಕೇಳಿದೆ.

"ಅಜ್ಜಿ, ನಾ ಯಾವಾಗ ಹುಟ್ಟೀನಿ?"

"ನೀನಾ? ಪ್ರಕಾಶ ಹುಟ್ಟಿ, ಅದರ ಮುಂದಿನ ಮಳಿಗಾಲನೂ ಕಳದು, ಸಂಕ್ರಾಂತಿ ಆಗಿ ನಾಲ್ಕನೇ ದಿನಕ್ಕ. ಎಳ್ಳು ಬೆಲ್ಲ ಇನ್ನಾ ಡಬ್ಬಿಯಾಗ ಇತ್ತು."

"ಮತ್ತ ಯಾಕ ಹೇಳ್ಲಿಲ್ಲ ನನಗ?"

"ನೀ ಕೇಳ್ಲೇ ಇಲ್ಲಲ್ಲ. ಸಾಲಿಯಾಗ ಏನೇನೋ ಬರಸ್ತಾರ, ಅದು ಬ್ಯಾರೆ ಅಂತ ತಿಳಕೊಂಡಿದ್ದೆ."

ಸಂಕ್ರಾಂತಿ ಕಳೆದ ನಾಲ್ಕನೇ ದಿನ. ಪ್ರತಿವರ್ಷ ನನ್ನ ಹುಟ್ಟುಹಬ್ಬದಂದೇ ನಾನು ಅಣ್ಣನ ಹುಟ್ಟುಹಬ್ಬದ ಕೇಸರಿಬಾತು ತಿಂದಿದ್ದೆ. ಪ್ರಕಾಶನನ್ನು ಒಂದೂವರೆ ವರ್ಷ ಚಿಕ್ಕವನನ್ನಾಗಿ ಮಾಡಲು ಅಪ್ಪನಿಗೆ ಒಂದು ತಾರೀಖು ಬೇಕಿತ್ತು. ಯಾವುದೋ ಒಂದನ್ನು ಬರೆಸುವ ದಡ್ಡ ಅವನಲ್ಲ. ನಾಳೆ ತನ್ನಂಥವನೇ ಯಾರಾದರೂ ಬಂದು ಓಣಿಯಲ್ಲಿ ವಿಚಾರಿಸಿದರೆ, ಹೌದು, ಆ ಸಂಕ್ರಾಂತಿಗೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು ಎಂದು ನಾಲ್ಕು ಜನ ಹೇಳಬೇಕು. ಅದಕ್ಕೇ ನನ್ನದನ್ನು ತೆಗೆದುಕೊಂಡ. ನನ್ನ ಹುಟ್ಟನ್ನು ಅಷ್ಟೇ ಮುಂದಕ್ಕೆ ತಳ್ಳಿ ಜೂನ್ ಒಂದಕ್ಕೆ ನಿಲ್ಲಿಸಿದ, ಶಾಲೆಗೂ ತಡವಾಗಿ ಸೇರಿಸಿದ. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದವಾಗಿ ಬೆಳೆದು ಒಂಟೆ ಅನ್ನಿಸಿಕೊಂಡವಳು ನಾನು. ಆರನೇ ಕ್ಲಾಸಿನಲ್ಲಿ ಬೇರೆ ಯಾರೂ ಮೈನೆರೆಯದಿದ್ದಾಗ ನಾನೊಬ್ಬಳೇ ನೆರೆದು, ನನ್ನ ಮೈಯಲ್ಲೇ ಏನೋ ಕೆಟ್ಟಿದೆ ಎಂದು ಹೆದರಿ ಬಚ್ಚಲಲ್ಲಿ ಕೂತು ಅತ್ತಿದ್ದೆ. ಊರವರನ್ನೆಲ್ಲ ಸಂಶಯಪಡಲು ಕಲಿತಿದ್ದ ನಾನು ಕೊನೆಗೆ ನನ್ನ ಮೈಯನ್ನೂ ಸಂಶಯಪಟ್ಟಿದ್ದೆ, ಅಪ್ಪನನ್ನೊಬ್ಬನನ್ನು ಬಿಟ್ಟು. ಅಮ್ಮನನ್ನು ಕೇಳಿದರೆ ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

"ಹೆಣ್ಣುಹುಡುಗಿಗೆ ಒಂದೆರಡು ವರ್ಷ ಕಡಿಮಿ ಇದ್ರ ಚಲೋನ ಆತು. ಲಗ್ನದ ಕಾಲಕ್ಕ ಬರ್ತೈತಿ. ಬಾಯಿ ಮುಚ್ಚಿಕೊಂಡು ತಟ್ಟಿ ಹಾಕು."

ಪ್ರಕಾಶನಿಗೆ ಇದು ಗೊತ್ತಿತ್ತೋ ಇಲ್ಲವೋ, ಇವತ್ತಿನವರೆಗೂ ಕೇಳಿಲ್ಲ. ಅವನ ಉತ್ತರವನ್ನು ನಾನು ನಂಬುವುದಿಲ್ಲ ಎಂಬುದು ನನಗೇ ಗೊತ್ತು.

ಆಯ್ಕೆಯ ಹಿಂದಿನ ದಿನ ಶಾಲೆಯಿಂದ ಬಂದ ಕೂಡಲೇ ಅಪ್ಪ ನನಗೆ ಬಿಳಿ ಹಾಳೆ ಕೊಟ್ಟು ಕ್ಯಾಂಪಿನ ಹುಡುಗರೆಲ್ಲರ ಪಟ್ಟಿಯ ಫೇರ್ ಕಾಪಿ ಮಾಡಲು ಹೇಳಿದ. ನಾನು ದುಂಡಗೆ ಬರೆದೆ. ಪ್ರಕಾಶನ ಮುಂದೆ ಸೇತುವೆ ಮುಳುಗಿದ ಮಳೆಗಾಲದ ತಿಂಗಳು, ಆ ವರ್ಷ. ಈರನ ಮುಂದೆ ದೇವಮ್ಮ ಹೇಳಿದ ಯುಗಾದಿ, ಸಂಶಯದ ಕಾಲಮ್ಮಿನಲ್ಲಿ 'ಇಲ್ಲ'. ನ್ಯಾಯ ಮಾಡುತ್ತಿದ್ದೇನೆ ಎಂದು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯುರಿಯೂ ಇತ್ತು. ಅಪ್ಪ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ, ಎಂದಿನಂತೆ ಓದದೆ.

ಮರುದಿನ ಮೈದಾನಕ್ಕೆ ನನ್ನನ್ನೂ ಸ್ಕೋರ್ ಬರೆಯಲು ಕರೆದುಕೊಂಡು ಹೋದ. ಆಯ್ಕೆದಾರರಲ್ಲಿ ಹಿರಿಯರೊಬ್ಬರು ಧೂಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶಾಮಿಯಾನದ ಕೆಳಗೆ ಕೂತಿದ್ದರು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಪ್ರಕಾಶನ ಹೆಸರಿನ ಹತ್ತಿರ ನಿಂತರು.

"ಏನ್ರಿ ಕೋಚ್ ಸಾಹೇಬ್ರ, ಇವ ನಿಮ್ಮ ಮಗ ಅಲ್ಲೇನು? ಇದರ ಪ್ರಕಾರ ಹದಿನೈದು ದಾಟೈತಲ್ರಿ."

ಅಪ್ಪ ಹಾಳೆ ತೆಗೆದುಕೊಂಡು ನೋಡಿದ. ನನ್ನ ಅಕ್ಷರವನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನ್ನ ಕಡೆ ತಿರುಗಲಿಲ್ಲ. ಈಗ ಹೇಳುತ್ತಾನೆ, ಹೌದ್ರಿ, ಹದಿನೈದು ದಾಟಿದೆ ಎನ್ನುತ್ತಾನೆ ಎಂದು ನಾನು ಕಾದು ನಿಂತೆ. ಅವನು ಕಿಸೆಯಿಂದ ಪೆನ್ನು ತೆಗೆದ.

"ಹುಡುಗಿ ಬರದದ್ದರಿ ಸರ್. ಸಾಲು ತಪ್ಪಿ ಬರದಾಳ."

ಎರಡು ಸಾಲನ್ನೂ ತಿದ್ದಿದ. ಪ್ರಕಾಶನ ಮುಂದೆ ನನ್ನ ತಾರೀಖು ಬಂತು, ಈರನ ಮುಂದೆ 'ಇದೆ' ಬಂತು. ಹಿರಿಯರು ನಕ್ಕು, "ನಿಮ್ಮ ಪಟ್ಟಿಯಾಗ ಸಂಶಯ ಪಡೋದು ಏನೈತ್ರಿ? ನಿಮ್ಮಷ್ಟು ಕಟ್ಟುನಿಟ್ಟಿನ ಮನುಷ್ಯ ಈ ಜಿಲ್ಲಾದಾಗ ಇನ್ನೊಬ್ಬ ಇಲ್ಲ" ಎಂದರು. ಈರ ಆ ದಿನ ಚೆಂಡು ಹೆಕ್ಕಿದ. ಬೌಂಡರಿ ಗೆರೆಯಿಂದ ಅವನು ಎಸೆದ ಚೆಂಡುಗಳು ನೇರವಾಗಿ ಸ್ಟಂಪಿನ ಮೇಲೆ ಬಂದು ಬೀಳುತ್ತಿದ್ದವು, ನೋಡುವವರು ಯಾರೂ ಇರಲಿಲ್ಲ. ಪ್ರಕಾಶ ಆಯ್ಕೆಯಾದ. ವಲಯಕ್ಕೆ ಎರಡು ವರ್ಷ ಆಡಿದ, ಆಮೇಲೆ ಬ್ಯಾಟು ಅಟ್ಟಕ್ಕೆ ಹಾಕಿದ. ಈರ ಮುಂದಿನ ವಾರದಿಂದ ಬರಲಿಲ್ಲ. ಕಂಪ್ಲಿಯ ಬಸ್ಸು ಬಂದಾಗಲೆಲ್ಲ ಎಷ್ಟೋ ದಿನ ನಾನು ಇಳಿಯುವವರ ಕಾಲು ನೋಡುತ್ತಿದ್ದೆ. ಪಟ್ಟಿ ಬರೆಯುವ ಕೆಲಸವನ್ನು ಅಪ್ಪ ಕ್ಯಾಂಪಿನ ಇನ್ನೊಬ್ಬ ಹುಡುಗನಿಗೆ ಕೊಟ್ಟ. ಕಿರಾಣಿ ಚೀಟಿಯಾಗಲಿ ಶಾಲೆಯ ಅಂಕಪಟ್ಟಿಯಾಗಲಿ, ನನ್ನ ಕೈಯಿಂದ ಬಂದ ಕಾಗದವನ್ನೆಲ್ಲ ಬೆಳಕಿಗೆ ಹಿಡಿದು ನೋಡತೊಡಗಿದ.

ಇದೆಲ್ಲ ಆಮೇಲಿನ ಮಾತು. ಆಯ್ಕೆ ಮುಗಿದ ಆ ಮಧ್ಯಾಹ್ನ ಅಪ್ಪ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟ. ರೈಲ್ವೆ ಗೇಟು ಹಾಕಿತ್ತು. ಹಿಂದೆ ಮುಂದೆ ಅದಿರು ಲಾರಿಗಳು, ಇಬ್ಬರ ತಲೆಯ ಮೇಲೂ ಧೂಳು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾಯುತ್ತಿದ್ದೆ. ಅವನು ಮುಂದೆ ನೋಡುತ್ತಲೇ ಮಾತಾಡಿದ.

"ನಾ ಖರೆ ವಯಸ್ಸು ಬರಸಿದ್ದೆ. ನಮ್ಮಪ್ಪಗ ಇದೆಲ್ಲ ತಿಳೀತಿದ್ದಿಲ್ಲ. ಅದಕ್ಕ ಲಾರಿ ತೂಗಾಕತ್ತೀನಿ. ನನ ಮಗಾನೂ ತೂಗಬೇಕೇನು?"

"ಆ ತಾರೀಖು ನಂದಲ್ಲೇನಪ್ಪ?" ಎಂದೆ.

ಅವನು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ಅದನ್ನು ಎಂದೋ ಮರೆತುಬಿಡುತ್ತಿದ್ದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ, ತಿಳಿದುಕೊಳ್ಳಬೇಕೆಂದೇ ಕೇಳಿದ:

"ನಿನಗ್ಯಾತಕ್ಕ ಬೇಕಾಗಿತ್ತವ್ವ ಅದು?"